ಬೀದರಿನ ಗೋಡೆ ಮತ್ತು ತಂಪು: ಸುರಂಗ ಬಾವಿಯಿಂದ ಎಸಿಯವರೆಗೆ

ಬೀದರ್ ಕೋಟೆಯ ಮೂರು ಸಾಲಿನ ಕಂದಕವನ್ನು ಬಂಡೆಯಲ್ಲೇ ಕಡಿದು ತೋಡಿದ್ದಾರೆ. ಆ ಬಂಡೆ ಕೆಂಪು ಜಂಬಿಟ್ಟಿಗೆ. ನೆಲದಿಂದ ಆಗಷ್ಟೇ ಎತ್ತಿದಾಗ ಮೆತ್ತಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತ ಹೋಗುವ ಕಲ್ಲು ಅದು. ಬಹಮನಿ ಸುಲ್ತಾನ ಅಹಮದ್ ಶಾ ವಲಿ (ಆಳ್ವಿಕೆ 1422–1436) ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಮೇಲೆ ಈ ಕಲ್ಲೇ ಕೋಟೆಯಾಯಿತು, ಮನೆಯಾಯಿತು, ಬಾವಿಯ ಕಟ್ಟೆಯೂ ಆಯಿತು. ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದ ಈ ದಿಬ್ಬದಲ್ಲಿ ಬಿಸಿಲು ಕಲಬುರಗಿಯಷ್ಟು ಕ್ರೂರವಲ್ಲ. ಆದರೂ ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 40 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಆ ಧಗೆಯನ್ನು ಹೊರಗೇ ತಡೆದು ನಿಲ್ಲಿಸುವ ಕೆಲಸವನ್ನು ಇಲ್ಲಿನ ಜನ ಶತಮಾನಗಳ ಕಾಲ ಗೋಡೆಗೆ ವಹಿಸಿದ್ದರು. ಇಂದು ಅದೇ ಗೋಡೆಯನ್ನು ಕೊರೆದು ಎಸಿ ಕೂರಿಸುತ್ತಿದ್ದಾರೆ. ಗೋಡೆಯ ಗುಣ ಅರಿಯದೆ ಕೊರೆದರೆ ಮನೆಗೂ ಅಪಾಯ, ಕೊರೆದವನಿಗೂ ಅಪಾಯ. ಬೀದರ್, ಭಾಲ್ಕಿ, ಔರಾದ್ ಸೀಮೆಯ ಕಟ್ಟಡಗಳ ಚರಿತ್ರೆ ನೋಡಿದರೆ ಈ ಮಾತಿನ ತೂಕ ತಿಳಿಯುತ್ತದೆ.

ಜಂಬಿಟ್ಟಿಗೆ ಸಣ್ಣ ಸಣ್ಣ ರಂಧ್ರಗಳಿಂದ ತುಂಬಿದ ಕಲ್ಲು. ಎರಡು ಮೂರು ಅಡಿ ದಪ್ಪದ ಗೋಡೆಗೆ ಗಾರೆ ಬಳಿದರೆ ಹಗಲಿನ ಬಿಸಿಲು ಒಳಮೈಗೆ ತಲುಪುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಆಗ ಕದ ಕಿಟಕಿ ತೆರೆದಿಟ್ಟರೆ ದಿಬ್ಬದ ತಂಗಾಳಿ ಆ ಶಾಖವನ್ನು ಹೊತ್ತೊಯ್ಯುತ್ತದೆ. ಬಹಮನಿಗಳ ಪ್ರಧಾನಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಮೂರು ಅಂತಸ್ತಿನ ಕೋಣೆಗಳು ತೆರೆದ ಅಂಗಳದ ಸುತ್ತ ನಿಂತಿವೆ. ದಪ್ಪ ಗೋಡೆ, ಎತ್ತರದ ಚಾವಣಿ, ನಡುವೆ ಅಂಗಳ: ಬೀದರಿನ ಹಳೆಯ ಮನೆಗಳಲ್ಲಿಯೂ ಇದೇ ಸೂತ್ರ ಚಿಕ್ಕ ಅಳತೆಯಲ್ಲಿ ಕಾಣುತ್ತದೆ.

ಗೋಡೆಗೆ ಜೊತೆಯಾದದ್ದು ನೀರು. ಮಳೆನೀರು ಜಂಬಿಟ್ಟಿಗೆಯೊಳಗೆ ಇಳಿಯುತ್ತದೆ. ಕೆಳಗಿನ ಕಪ್ಪು ಬಸಾಲ್ಟ್ ಅದನ್ನು ಸುಲಭಕ್ಕೆ ಒಳಬಿಡುವುದಿಲ್ಲ, ಹಾಗಾಗಿ ಎರಡೂ ಕೂಡುವಲ್ಲಿ ಒರತೆ ಒಡೆಯುತ್ತದೆ. ಗುರುನಾನಕ್ ಝೀರಾ ಗುರುದ್ವಾರದ ಸಿಹಿನೀರೂ, ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಪಡೆಯುವ ಝರಣಿ ನರಸಿಂಹ ಗುಹೆಯ ನೀರೂ ಈ ದಿಬ್ಬದ ಕೊಡುಗೆಯೇ. ಪರ್ಷಿಯಾದ ಕುಶಲಕರ್ಮಿಗಳ ವಿದ್ಯೆಯನ್ನು ಬಳಸಿ ಬಹಮನಿಗಳು ಬೀದರ್ ಪಕ್ಕದ ನೌಬಾದಿನಲ್ಲಿ ಕರೇಜ್ ತೋಡಿಸಿದರು. ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ. ನೆಲದಡಿ ಸುಮಾರು ಮೂರು ಕಿಲೋಮೀಟರ್ ಉದ್ದಕ್ಕೆ ನೀರು ಇಳಿಜಾರಿನಲ್ಲಿ ತಾನಾಗಿ ಹರಿಯುತ್ತದೆ. ಗಾಳಿ ಬೆಳಕಿಗೆಂದು, ಹೂಳೆತ್ತಲೆಂದು ಅಲ್ಲಲ್ಲಿ ಮೇಲಿನಿಂದ ಬಾವಿ ಇಳಿಸಿದ್ದಾರೆ. ಕೋಟೆಯೊಳಗಿನ ಲಾಲ್ ಬಾಗಿನಲ್ಲಿ ಕಾಲುವೆಗಳೂ ಕಾರಂಜಿಯೂ ಇದ್ದವು. ನೀರಿನ ಮೇಲೆ ಹಾದು ಬಂದ ಗಾಳಿ ತಣ್ಣಗಿರುತ್ತದೆ ಎಂಬುದನ್ನು ತಿಳಿದೇ ಆ ತೋಟವನ್ನು ಹಾಗೆ ಕಟ್ಟಿದ್ದರು. ನಿಜಾಮರ ಪುರಾತತ್ವ ಇಲಾಖೆಯ ಗುಲಾಮ್ ಯಜ್ದಾನಿ 1947ರಲ್ಲಿ ಪ್ರಕಟಿಸಿದ ಬೀದರ್ ಕುರಿತ ಗ್ರಂಥದಲ್ಲಿ ಈ ಕಟ್ಟಡಗಳನ್ನು ಅಳೆದು, ನಕ್ಷೆ ಬರೆದು ದಾಖಲಿಸಿದ್ದಾರೆ. 2014ರಲ್ಲಿ ವಿಶ್ವ ಸ್ಮಾರಕ ನಿಧಿ ತನ್ನ ಕಾವಲು ಪಟ್ಟಿಗೆ ಬೀದರ್ ನಗರವನ್ನು ಸೇರಿಸಿತು.

ದಿಬ್ಬ ಇಳಿದು ಭಾಲ್ಕಿ, ಔರಾದ್ ಕಡೆ ಹೊರಟರೆ ನೆಲದ ಬಣ್ಣ ಬದಲಾಗುತ್ತದೆ. ಕೆಂಪು ಮುಗಿದು ಎರೆ ಶುರುವಾಗುತ್ತದೆ. ಮಾಂಜ್ರಾ ನದಿಯ ಎರಡೂ ದಡದ ಈ ಕರಿ ಭೂಮಿಯಲ್ಲಿ ಹಳೆಯ ಮನೆಗಳಿಗೆ ಕಪ್ಪು ಕಲ್ಲು ಮತ್ತು ಕೆಸರು ಮಣ್ಣೇ ಆಧಾರ. ಮೇಲೆ ಮಾಳಿಗೆ: ತೊಲೆ, ಜಂತಿ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಒಂದಡಿಗೂ ಹೆಚ್ಚು ಮಣ್ಣು. ನಡುಮನೆಗೆ ಕಿಟಕಿ ಕಡಿಮೆ, ಮಾಳಿಗೆಯಲ್ಲೊಂದು ಬೆಳಕಿಂಡಿ. ಬಿಸಿ ಗಾಳಿ ಮೇಲೇರಿ ಆ ಕಿಂಡಿಯಿಂದ ಹೊರಗೆ ಹೋಗುತ್ತಿತ್ತು. ಮೇ ತಿಂಗಳ ನಡುಹಗಲಲ್ಲೂ ಅಂಥ ನಡುಮನೆಯ ನೆಲದ ಮೇಲೆ ಮಲಗಿದವರಿಗೆ ಹೊದಿಕೆಯ ನೆನಪಾಗುತ್ತಿತ್ತು.

ಉಳ್ಳವರ ಮನೆಗೆ, ಕಚೇರಿಗೆ ಇನ್ನೊಂದು ಉಪಾಯವಿತ್ತು. ಲಾವಂಚದ ಬೇರಿನ ತಟ್ಟಿಯನ್ನು ಬಾಗಿಲಿಗೆ ಕಟ್ಟಿ ನೀರು ಚಿಮುಕಿಸುವುದು. ಅಕ್ಬರನ ಕಾಲದ ಅಬುಲ್ ಫಜಲ್ ತನ್ನ ಐನ್-ಇ-ಅಕ್ಬರಿಯಲ್ಲಿ ಈ ಖಸ್ ತಟ್ಟಿಯ ವಿಷಯ ಬರೆದಿದ್ದಾನೆ. ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ. ಹಗ್ಗ ಎಳೆದು ಆಡಿಸುವ ಪಂಖಾ ಆ ತಂಪನ್ನು ಕೋಣೆಯ ತುಂಬ ಹರಡುತ್ತಿತ್ತು.

ಈ ಚರಿತ್ರೆ ಒಂದು ಬೆಳಗಿನ ಜಾವ ಮುರಿದುಬಿತ್ತು. 1993ರ ಸೆಪ್ಟೆಂಬರ್ 30ರಂದು ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಕಿಲ್ಲಾರಿ ಭಾಲ್ಕಿಯ ಪಶ್ಚಿಮಕ್ಕೆ, ನೂರು ಕಿಲೋಮೀಟರಿನೊಳಗೇ ಇದೆ. ಮಲಗಿದ್ದಲ್ಲೇ ಸತ್ತವರ ಸಂಖ್ಯೆ ಹತ್ತಿರ ಹತ್ತಿರ ಹತ್ತು ಸಾವಿರ. ಅವರನ್ನು ಕೊಂದದ್ದು ದಪ್ಪ ಕಲ್ಲುಗೋಡೆ, ಭಾರದ ಮಣ್ಣಿನ ಮಾಳಿಗೆ. ಅಂಥ ಗೋಡೆಗೆ ಒಳಗೊಂದು, ಹೊರಗೊಂದು ಕಲ್ಲಿನ ಪದರ. ನಡುವೆ ಚಿಪ್ಪುಗಲ್ಲು, ಮಣ್ಣು. ಎರಡೂ ಪದರವನ್ನು ಹಿಡಿದಿಡುವ ಅಡ್ಡ ಬಂಧಕಲ್ಲು ಇಲ್ಲದ ಕಡೆ ಗೋಡೆ ಸೀಳಿ ಕುಸಿಯಿತು. ಭೂಕಂಪ ಕಲಿಸಿದ ಈ ಪಾಠವನ್ನು ಎಸಿ ಕೂರಿಸುವವರು ಮರೆಯಬಾರದು. ಹಳೆಯ ಕಲ್ಲುಗೋಡೆಯ ಒಂದು ಕಲ್ಲು ಕಿತ್ತರೆ ಸುತ್ತಲಿನ ನಾಲ್ಕು ಕಲ್ಲು ಸಡಿಲಾಗುತ್ತವೆ, ಒಳಗಿನ ಮಣ್ಣು ಸುರಿಯತೊಡಗುತ್ತದೆ.

ಕಾಲ ಕಳೆದಂತೆ ಕರಿ ಸೀಮೆಯ ಹಳ್ಳಿಗಳಲ್ಲೂ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಆರ್‌ಸಿಸಿ ಸ್ಲ್ಯಾಬ್, ಬಡವರ ಮನೆಗೆ ತಗಡು ಬಂದವು. ಮನೆ ಹಗುರಾಯಿತು, ಧಗೆ ಹೆಚ್ಚಿತು. ನಾಲ್ಕೈದು ಇಂಚಿನ ಸ್ಲ್ಯಾಬ್ ಹಗಲೆಲ್ಲ ಕಾದು ಮಧ್ಯರಾತ್ರಿಯವರೆಗೂ ಒಳಗೆ ಶಾಖ ಸುರಿಯುತ್ತದೆ. ಗೋಡೆ ಬಿಟ್ಟುಕೊಟ್ಟ ಕೆಲಸಕ್ಕೆ ಯಂತ್ರ ಬೇಕಾಯಿತು.

ಮೊದಲು ಬಂದದ್ದು ಕೂಲರ್. ತಗಡಿನ ಪೆಟ್ಟಿಗೆ, ಮೂರು ಕಡೆ ಹುಲ್ಲಿನ ಪ್ಯಾಡ್, ಕೆಳಗೆ ನೀರಿನ ಪಂಪು, ಮುಂದೆ ಫ್ಯಾನು. ಅದು ಲಾವಂಚದ ತಟ್ಟಿಯದೇ ತತ್ವ. ಗಾಳಿ 40 ಡಿಗ್ರಿ, ತೇವಾಂಶ ಶೇ 20 ಇದ್ದಾಗ ಒಳ್ಳೆಯ ಕೂಲರ್ 26 ಡಿಗ್ರಿಯ ಸುಮಾರಿನ ಗಾಳಿ ಕೊಡಬಲ್ಲದು. ಹಾಗಾಗಿ ಬೀದರಿನ ಒಣ ಬೇಸಿಗೆಗೆ ಅದು ಹೇಳಿ ಮಾಡಿಸಿದಂತಿದೆ. ಜೂನಿನಲ್ಲಿ ಮೋಡ ಕವಿದು ತೇವ ಏರಿದರೆ ಅದೇ ಕೂಲರ್ ಬರೀ ಕಸಿವಿಸಿ ಹೆಚ್ಚಿಸುತ್ತದೆ. ನೀರು, ತಗಡು, ವಿದ್ಯುತ್ ಮೂರೂ ಒಂದೇ ಕಡೆ ಕೂಡಿರುವ ಈ ಯಂತ್ರಕ್ಕೆ ಅರ್ಥಿಂಗ್ ಇಲ್ಲದಿದ್ದರೆ ಪಂಪಿನ ಒಂದು ಸೀಳಿದ ತಂತಿ ಸಾಕು ಜೀವ ತೆಗೆಯಲು. ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರು ತುಂಬಬೇಕು ಎಂಬ ನಿಯಮವನ್ನು ಪ್ರತಿ ಮನೆಯ ಮಕ್ಕಳಿಗೂ ಕಲಿಸಬೇಕು.

ಎಸಿಯ ಕಥೆ ದೂರದ್ದು. ಅಮೆರಿಕದ ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕಾಗಿ ಗಾಳಿಯ ತೇವ ನಿಯಂತ್ರಿಸುವ ವ್ಯವಸ್ಥೆ ರೂಪಿಸಿದರು. ತೇವದಿಂದ ಕಾಗದ ಹಿಗ್ಗಿ ಬಣ್ಣದ ಅಚ್ಚು ತಪ್ಪುತ್ತಿತ್ತು. ಭಾರತದಲ್ಲಿ ಬ್ಲೂ ಸ್ಟಾರ್ 1943ರಲ್ಲಿ, ವೋಲ್ಟಾಸ್ 1954ರಲ್ಲಿ ಆರಂಭವಾದವು. ಎಸಿಯ ಅಳತೆ ಟನ್: ಒಂದು ಟನ್ ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಹೀರುವ ಶಾಖದ ಪ್ರಮಾಣ, ಅಂದರೆ ಸುಮಾರು 3.5 ಕಿಲೋವ್ಯಾಟ್. ಕೋಣೆಗಳಿಗೆ ಮೊದಲು ಬಂದ ಎಸಿ ಒಂದೇ ಪೆಟ್ಟಿಗೆಯದು. ಅರ್ಧ ಕೋಣೆಯೊಳಗೆ, ಅರ್ಧ ಹೊರಗೆ ಇರುವ ಆ ಪೆಟ್ಟಿಗೆಗೆ ಕಿಟಕಿಯಾದರೂ ಬೇಕು, ಗೋಡೆ ಕೊರೆದ ಕಿಂಡಿಯಾದರೂ ಬೇಕು.

ಬೀದರಿನ ಹಳೆಯ ಗೋಡೆಗೂ ಈ ಪೆಟ್ಟಿಗೆಗೂ ಹೊಂದಾಣಿಕೆ ಆಗದ್ದು ಇಲ್ಲಿಯೇ. ಸಾಮಾನ್ಯ ವಿಂಡೋ ಎಸಿ ತನ್ನ ಹಿಂಭಾಗದ ಎರಡೂ ಪಕ್ಕದ ಸೀಳುಗಳಿಂದ ಹೊರಗಿನ ಗಾಳಿ ಎಳೆದುಕೊಂಡು, ಬಿಸಿಗಾಳಿಯನ್ನು ಹಿಂದಕ್ಕೆ ದೂಡುತ್ತದೆ. ಎರಡಡಿ ದಪ್ಪದ ಜಂಬಿಟ್ಟಿಗೆ ಗೋಡೆಯೊಳಗೆ ಅದನ್ನು ಹುದುಗಿಸಿದರೆ ಆ ಸೀಳುಗಳು ಕಲ್ಲಿಗೆ ಮುಚ್ಚಿಹೋಗುತ್ತವೆ. ಆಗ ಕಂಪ್ರೆಸರ್ ಕಾದು, ಮತ್ತೆ ಮತ್ತೆ ನಿಂತು, ಕೊನೆಗೆ ಸುಟ್ಟೇಹೋಗುತ್ತದೆ. ಗೋಡೆಯೊಳಗೇ ಕೂರಬೇಕಾದ ಎಸಿಗೆ ಪಕ್ಕದ ಸೀಳು ಇರಬಾರದು. ಗಾಳಿ ಬಂದು ಹೋಗುವುದೆಲ್ಲ ಹಿಂದಿನಿಂದಲೇ ಆಗುವ ಮಾದರಿಯನ್ನು, ಅದಕ್ಕೆಂದೇ ಮಾಡಿದ ಲೋಹದ ಕವಚದಲ್ಲಿ ಇಡಬೇಕು. ಅದು ಸಿಗದಿದ್ದರೆ ಸೀಳುಗಳು ಪೂರ್ತಿ ಗೋಡೆಯ ಹೊರಗೆ ಬರುವಂತೆ ಕೂರಿಸಬೇಕು, ಇಲ್ಲವೆ ಆ ಗೋಡೆಯನ್ನು ಬಿಟ್ಟು ಬೇರೆ ಜಾಗ ನೋಡಬೇಕು.

ಒಂದೂವರೆ ಟನ್ನಿನ ವಿಂಡೋ ಎಸಿ ಸುಮಾರು ಐವತ್ತು ಕಿಲೋ ತೂಗುತ್ತದೆ, ಜೊತೆಗೆ ಸದಾ ಅದುರುತ್ತಿರುತ್ತದೆ. ಆದ್ದರಿಂದ ಗೌಂಡಿಯ ಕೆಲಸ ಮೆಕ್ಯಾನಿಕ್‌ನ ಕೆಲಸಕ್ಕಿಂತ ಮೊದಲು. ಮೇಲಿನ ಭಾರಕ್ಕೆ ಆಸರೆ ಕೊಟ್ಟು, ಕಿಂಡಿಯ ನೆತ್ತಿಗೆ ಲಿಂಟಲ್ ಕೂರಿಸಿ, ಎರಡೂ ಬದಿಗೆ ಅದು ಗೋಡೆಯ ಮೇಲೆ ಚೆನ್ನಾಗಿ ಊರಿದ ಮೇಲೆಯೇ ಕೆಳಗಿನ ಕಲ್ಲು ಬಿಡಿಸಬೇಕು. ಔರಾದ್, ಭಾಲ್ಕಿಯ ಎರೆ ಮಣ್ಣಿನಲ್ಲಿ ಇನ್ನೊಂದು ತೊಡಕಿದೆ. ಆ ಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುತ್ತದೆ. ಬುನಾದಿ ಅಲುಗಾಡಿ ಕಿಟಕಿಯ ಮೂಲೆಗಳಿಂದ ಓರೆ ಬಿರುಕು ಹೊರಡುತ್ತದೆ. ಅಂಥ ಬಿರುಕಿರುವ ಗೋಡೆಗೆ ಹೊಸ ಕಿಂಡಿ ಬೇಡ.

ಪೆಟ್ಟಿಗೆಯ ಹಿಂಭಾಗ ಹೊರಕ್ಕೆ ಕಾಲಿಂಚಿನಿಂದ ಅರ್ಧ ಇಂಚಿನಷ್ಟು ವಾಲಿರಬೇಕು. ಮಳೆಗಾಲದ ತೇವದಲ್ಲಿ ಎಸಿ ಗಂಟೆಗೆ ಒಂದು ಲೀಟರಿಗೂ ಹೆಚ್ಚು ನೀರು ಸುರಿಸಬಲ್ಲದು. ವಾಲು ತಪ್ಪಿದರೆ ಆ ನೀರು ಒಳಗೋಡೆಗೆ ಇಳಿಯುತ್ತದೆ. ಕೆಸರು ಮಣ್ಣಿನ ಗೋಡೆಯಾದರೆ ನಡುವಿನ ಮಣ್ಣು ಕರಗಿ ಗೋಡೆಯೇ ಪೊಳ್ಳಾಗುತ್ತದೆ. ವಾಲು ಅತಿಯಾಗಲೂಬಾರದು, ಏಕೆಂದರೆ ಹಲವು ಮಾದರಿಗಳಲ್ಲಿ ಹಿಂದಿನ ಫ್ಯಾನಿನ ಬಳೆ ತಳದ ನೀರನ್ನೇ ಕಾಯಿಲಿಗೆ ಎರಚಿ ತಂಪಾಗಿಸುತ್ತದೆ.

ಅರ್ಥಿಂಗ್ ವಿಷಯದಲ್ಲೂ ಎರಡು ನೆಲಕ್ಕೆ ಎರಡು ಸ್ವಭಾವ. ಒಣಗಿದ ಜಂಬಿಟ್ಟಿಗೆ ಬಂಡೆ ವಿದ್ಯುತ್ತನ್ನು ಸುಲಭಕ್ಕೆ ಒಯ್ಯುವುದಿಲ್ಲ. ಎರೆ ಮಣ್ಣು ಹಸಿ ಇದ್ದಾಗ ಚೆನ್ನಾಗಿ ಒಯ್ಯುತ್ತದೆ, ಬೇಸಿಗೆಯಲ್ಲಿ ಬಿರಿದು ಅರ್ಥಿಂಗ್ ಸಲಾಕೆಯನ್ನು ಬಿಟ್ಟು ಸರಿಯುತ್ತದೆ. ಎರಡೂ ಕಡೆ ಅರ್ಥಿಂಗ್ ದುರ್ಬಲವಾಗುವುದು ಎಸಿ ಹಗಲಿರುಳು ಓಡುವ ತಿಂಗಳಲ್ಲೇ. ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ಬೇಸಿಗೆಯುದ್ದಕ್ಕೂ ನೀರು ಹಾಕುವ ರೂಢಿ ಅದಕ್ಕೇ ಬಂದದ್ದು. ಸಲಾಕೆ ಹುಗಿದು ಕೈತೊಳೆದುಕೊಳ್ಳದೆ ಮೀಟರಿನಿಂದ ಅದರ ತಡೆಯನ್ನು ಅಳೆಯಬೇಕು. ಎಸಿಗೆ ಮೇನ್ ಬೋರ್ಡಿನಿಂದಲೇ ಪ್ರತ್ಯೇಕ ಲೈನ್ ಬೇಕು: 4 ಚದರ ಮಿಲಿಮೀಟರ್ ತಾಮ್ರದ ತಂತಿ, ಅದಕ್ಕೆ ತಕ್ಕ ಎಂಸಿಬಿ, ಜೊತೆಗೆ 30 ಮಿಲಿ ಆಂಪಿಯರ್ ಸೋರಿಕೆಗೇ ಕಡಿದುಹಾಕುವ ಆರ್‌ಸಿಸಿಬಿ. ಎಕ್ಸ್‌ಟೆನ್ಷನ್ ಬೋರ್ಡಿಗೆ ಎಸಿ ಸಿಕ್ಕಿಸುವುದು ಬೆಂಕಿಗೆ ದಾರಿ.

ಸರ್ವಿಸ್ ಮಾಡುವವನಿಗೆ ಕಾದಿರುವ ಮೊದಲ ಅಪಾಯ ಕೆಪಾಸಿಟರ್. ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರುತ್ತದೆ. ರೆಸಿಸ್ಟರ್ ಮೂಲಕ ಅದನ್ನು ಖಾಲಿ ಮಾಡಿ, ಮೀಟರಿನಲ್ಲಿ ನೋಡಿದ ಮೇಲೆಯೇ ಕೈ ಹಾಕಬೇಕು. ಎರಡನೆಯದು ಗ್ಯಾಸ್. ಓಜೋನ್ ಪದರ ಉಳಿಸಲು 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದವನ್ನು ಭಾರತ 1992ರಲ್ಲಿ ಸೇರಿತು. ಅದರ ಫಲವಾಗಿ ಎಸಿಯ ಹಳೆಯ ಗ್ಯಾಸ್ ಆರ್-22 ಹಿಂದೆ ಸರಿದು ಆರ್-32, ಆರ್-290 ಬಂದವು. ಆರ್-22 ಹೊತ್ತಿಕೊಳ್ಳುತ್ತಿರಲಿಲ್ಲ. ಆರ್-32 ಅಲ್ಪಸ್ವಲ್ಪ ಹೊತ್ತಿಕೊಳ್ಳುತ್ತದೆ. ಆರ್-290 ಎಂದರೆ ಪ್ರೊಪೇನ್, ಅಡುಗೆ ಅನಿಲದ ಸಂಬಂಧಿ. ಆರ್-22ರ ಕಾಲದ ಅಭ್ಯಾಸದಲ್ಲಿ, ಗ್ಯಾಸ್ ಇರುವಾಗಲೇ ಪೈಪಿಗೆ ಬೆಂಕಿ ಹಿಡಿದು ಬೆಸುಗೆ ಹಾಕುವುದು ಈಗ ಪ್ರಾಣಕ್ಕೇ ಕುತ್ತು. ಕಿಟಕಿ ತೆರೆದಿರಬೇಕು, ದೀಪ, ಬೀಡಿ ಹತ್ತಿರ ಸುಳಿಯಬಾರದು, ಹಳೆಯ ಯಂತ್ರಕ್ಕೆ ಬೇರೆ ಗ್ಯಾಸ್ ತುಂಬಬಾರದು. ಸೋರಿಕೆ ಪರೀಕ್ಷೆಗೆ ಒಣ ನೈಟ್ರೋಜನ್ ಮಾತ್ರ. ಆಮ್ಲಜನಕ ತುಂಬಿದರೆ ಕಂಪ್ರೆಸರಿನ ಎಣ್ಣೆಯೊಂದಿಗೆ ಸೇರಿ ಸ್ಫೋಟಿಸುತ್ತದೆ.

ಈಗ ಬೀದರಿನ ಅಂಗಡಿಗಳಲ್ಲಿ ಹೆಚ್ಚು ಬಿಕರಿಯಾಗುವುದು ಸ್ಪ್ಲಿಟ್ ಎಸಿ. ಅದಕ್ಕೆ ಎರಡೂವರೆ ಮೂರು ಇಂಚಿನ ತೂತು ಸಾಕು. ಹಳೆಯ ಗೋಡೆಗೆ ಇದರಿಂದ ದೊಡ್ಡ ಉಪಕಾರವಾಗಿದೆ. ಆ ತೂತೂ ಹೊರಕ್ಕೆ ಇಳಿಜಾರಾಗಿರಬೇಕು, ಒಳಗೊಂದು ಪೈಪು ತೂರಿಸಿ ಸುತ್ತ ಮುಚ್ಚಬೇಕು. ಆದರೆ ಅಪಾಯ ಈಗ ಹೊರಗಿನ ಸಜ್ಜಾದ ಮೇಲೆ ಬಂದು ನಿಂತಿದೆ. ಎರಡನೇ ಮಹಡಿಯ ಸಜ್ಜಾದ ಮೇಲೆ ಬೆಲ್ಟ್ ಇಲ್ಲದೆ ನಿಂತು ಔಟ್‌ಡೋರ್ ಯೂನಿಟ್ ಎತ್ತುವ ಹುಡುಗರನ್ನು ಪ್ರತಿ ಬೇಸಿಗೆಯಲ್ಲೂ ನೋಡಬಹುದು. ಅವರ ಜೀವದ ಬೆಲೆಯನ್ನು ಫಿಟ್ಟಿಂಗ್ ಚಾರ್ಜಿನಲ್ಲಿ ಯಾರೂ ಲೆಕ್ಕ ಹಾಕುವುದಿಲ್ಲ. ಹಾಕಲೇಬೇಕು.

2019ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಭಾರತ ಶೀತಲೀಕರಣ ಕ್ರಿಯಾ ಯೋಜನೆ ಒಂದು ಲಕ್ಷ ಮೆಕ್ಯಾನಿಕ್‌ಗಳಿಗೆ ತರಬೇತಿ, ಪ್ರಮಾಣಪತ್ರ ಕೊಡುವ ಗುರಿ ಇಟ್ಟಿತು. ಐಟಿಐಗಳಲ್ಲಿ ಈ ಕಸುಬಿಗೆಂದೇ ಎರಡು ವರ್ಷದ ಕೋರ್ಸ್ ಇದೆ. 2020ರ ಜನವರಿ 1ರಿಂದ ಸ್ಟಾರ್ ಗುರುತಿನ ಎಸಿಗಳು 24 ಡಿಗ್ರಿಗೆ ನಿಗದಿಯಾಗಿ ಬರುತ್ತಿವೆ. ಮನೆಯವರು ಅಲ್ಲಿಗೇ ಬಿಟ್ಟರೆ ಯಂತ್ರಕ್ಕೂ ಲೈನಿಗೂ ಹೊರೆ ಕಡಿಮೆ. ಜಂಬಿಟ್ಟಿಗೆ, ಕಪ್ಪು ಕಲ್ಲು, ಎರೆ ಮಣ್ಣು ಮೂರೂ ಇರುವ ಬೀದರ್ ಜಿಲ್ಲೆಯಲ್ಲಿ ಈ ತರಬೇತಿಗೆ ಸ್ಥಳೀಯ ಗೋಡೆಗಳ ಪಾಠವೊಂದು ಸೇರಬೇಕು, ಅದನ್ನು ಹೇಳಿಕೊಡಲು ಹಳೆಯ ಮನೆ ರಿಪೇರಿ ಮಾಡಿ ಪಳಗಿದ ಗೌಂಡಿಗಳನ್ನೇ ಕರೆಸಬೇಕು. ಮನೆಯವರ ಪಾಲಿನ ಕೆಲಸವೂ ಇದೆ. ಯುಗಾದಿಗೆ ಮೊದಲೇ, ಮೆಕ್ಯಾನಿಕ್‌ಗಳಿಗೆ ಪುರುಸೊತ್ತಿರುವಾಗ ಸರ್ವಿಸ್ ಮಾಡಿಸುವುದು, ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯುವುದು, ಹೊಸ ಎಸಿ ಕೂರಿಸುವ ದಿನ ಗೌಂಡಿ, ಎಲೆಕ್ಟ್ರಿಷಿಯನ್, ಮೆಕ್ಯಾನಿಕ್ ಮೂವರನ್ನೂ ಒಟ್ಟಿಗೆ ಕರೆಸಿ ಗೋಡೆ ತೋರಿಸಿದ ಮೇಲೆಯೇ ಡ್ರಿಲ್ ಹಚ್ಚಲು ಬಿಡುವುದು.