ಕುಡತಿನಿಯ ಬೂದಿ, 'ಆಪ್ತಮಿತ್ರ'ದ ಭೂತ

ಬಳ್ಳಾರಿಯಿಂದ ಹೊಸಪೇಟೆಯ ದಾರಿ ಹಿಡಿದವರಿಗೆ ಕುಡತಿನಿಯ ಸಮೀಪದಲ್ಲಿ ಬೂದಿಯ ದಿಬ್ಬವೊಂದು ಸಿಗುತ್ತದೆ. ಈ ಸೀಮೆಯ ಇಂಥ ದಿಬ್ಬಗಳನ್ನು ರಾಕ್ಷಸರನ್ನು ಸುಟ್ಟ ಬೂದಿಯೆಂದು ಹಿಂದಿನವರು ಹೇಳುತ್ತಿದ್ದರು. ಹಂಪೆಯ ಬಳಿಯ ನಿಂಬಾಪುರದ ದಿಬ್ಬವಂತೂ ವಾಲಿಯ ಚಿತೆಯೆಂದೇ ಪ್ರಸಿದ್ಧ. 19ನೆಯ ಶತಮಾನದಲ್ಲಿ ನ್ಯೂಬೋಲ್ಡ್, ಬ್ರೂಸ್ ಫೂಟ್ ಮೊದಲಾದವರು ಇವನ್ನು ಪರಿಶೀಲಿಸಿದರು. ಇವು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ಬೆಂದ ಸಗಣಿಯ ಬೂದಿಯೆಂದು ಆಲ್ಚಿನ್ 1963ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ರಾಕ್ಷಸ ಹೋದ, ಬೆರಗು ಹೋಗಲಿಲ್ಲ. ಅಷ್ಟು ಸಗಣಿಯನ್ನು ಅವರು ಏಕೆ ಸುಟ್ಟರೆಂಬ ಚರ್ಚೆ ಇನ್ನೂ ಮುಗಿದಿಲ್ಲ.

ಭಯದ ಕಾರಣವನ್ನು ಬಿಡಿಸಿ ಹೇಳಿದ ಮೇಲೆ ಏನು ಉಳಿಯುತ್ತದೆ? ಪಿ. ವಾಸು ಅವರ 'ಆಪ್ತಮಿತ್ರ' (2004) ಚಿತ್ರವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬಹುದು. 1993ರ ಮಲಯಾಳ ಚಿತ್ರ 'ಮಣಿಚಿತ್ರತಾಳ್' ಇದರ ಮೂಲ. ಹಳೆಯ ಅರಮನೆ, ಬೀಗ ಜಡಿದ ಕೋಣೆ, ರಾಜನಿಂದ ಹತಳಾದ ನರ್ತಕಿ ನಾಗವಲ್ಲಿ. ಕೋಣೆಯನ್ನು ತೆರೆದ ಗಂಗೆಯನ್ನು ಹಿಡಿದದ್ದು ಭೂತವಲ್ಲ, ಮನೋರೋಗ ಎಂದು ವೈದ್ಯ ವಿಜಯ್ ಕಂಡುಹಿಡಿಯುತ್ತಾನೆ.

ಚಿತ್ರದ ಹಿರಿಮೆ ಇಲ್ಲಿಯೇ ಇದೆ. 1979ರ 'ನಾ ನಿನ್ನ ಬಿಡಲಾರೆ'ಯಲ್ಲಿ ಭೂತ ಭೂತವೇ; ಇಲ್ಲಿ ಅದು ನೊಂದ ಹೆಣ್ಣಿನ ಮನಸ್ಸು. ವೈದ್ಯನು ಮಂತ್ರಜ್ಞನಾದ ಆಚಾರ್ಯನನ್ನು ಮೂದಲಿಸಿ ಅಟ್ಟುವುದಿಲ್ಲ, ಅವನ ನೆರವು ಪಡೆಯುತ್ತಾನೆ. ನಮ್ಮ ಹಳ್ಳಿಗಳನ್ನು ಬಲ್ಲವರು ಇದನ್ನು ಮೆಚ್ಚದೆ ಇರಲಾರರು.

ಕೊರತೆಗಳೂ ಸಣ್ಣವಲ್ಲ. ದ್ವಾರಕೀಶರ ಹಾಸ್ಯ ನಗಿಸುತ್ತದೆ, ನಿಜ. ಆದರೆ ಕಟ್ಟಿದ ಭೀತಿಯನ್ನು ಪದೇ ಪದೇ ಕೆಡವುತ್ತದೆ. ಆ ಹೆಬ್ಬಾವಿನಂಥ ಸರ್ಪವಂತೂ ಏಕೆ ಬಂತೆಂಬುದು ತಿಳಿಯದು. ಎಲ್ಲವೂ ರೋಗವೆಂದ ಮೇಲೆ ಅದಕ್ಕೇನು ಕೆಲಸ? ರಾಕ್ಷಸನಿಲ್ಲವೆಂದು ಸಾಧಿಸಿ, ದಿಬ್ಬದ ಮೇಲೆ ಅವನ ಕೋರೆಹಲ್ಲೊಂದನ್ನು ನೆಟ್ಟು ಬಂದಂತಾಯಿತು.

ಇನ್ನೊಂದು ಮಾತು ನಮ್ಮ ಸೀಮೆಯವರೇ ಹೇಳಬೇಕಾದದ್ದು. ಗಂಗೆಯ ಬಾಯಲ್ಲಿ ತೆಲುಗು ಬಂದಾಗ ನಾವು ಬೆಚ್ಚಬೇಕೆಂಬುದು ನಿರ್ದೇಶಕರ ಎಣಿಕೆ. 1953ರ ಅಕ್ಟೋಬರ್ 1ರವರೆಗೆ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯಲ್ಲಿ ಮನೆಗೊಂದು, ಸಂತೆಗೊಂದು ನುಡಿಯಾಡುವವರು ಎಷ್ಟಿಲ್ಲ! ಅದೇ ಭೂತದ ಲಕ್ಷಣವಾದರೆ, ತರಕಾರಿ ಕೊಳ್ಳಲು ಹೋದಾಗಲೆಲ್ಲ ನಮ್ಮ ಮೇಲೆ ನಾಗವಲ್ಲಿ ಬರಬೇಕಾದೀತು.

ಆದರೂ ಆ ದೃಶ್ಯದಲ್ಲಿ ಇಲ್ಲಿಯ ಪ್ರೇಕ್ಷಕರೂ ಉಸಿರು ಬಿಗಿಹಿಡಿಯುತ್ತಾರೆ. ಅದು ಭಾಷೆಯಿಂದಲ್ಲ, ಸೌಂದರ್ಯ ಅವರ ಕಣ್ಣುಗಳಿಂದ. 2004ರ ಏಪ್ರಿಲ್ 17ರಂದು ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚಿತ್ರ ತೆರೆಗೆ ಬಂದದ್ದು ಆಗಸ್ಟ್‌ನಲ್ಲಿ. ಅಂದಿನವರ ನಡುಕದಲ್ಲಿ ಆ ದುಃಖವೂ ಬೆರೆತಿದ್ದಿರಬಹುದು. ಆದರೆ ಆಗಿನ್ನೂ ಹುಟ್ಟಿರದ, ಆ ಸುದ್ದಿಯನ್ನೇ ಅರಿಯದ ಹುಡುಗರು ಈಗ ದೂರದರ್ಶನದಲ್ಲಿ ಇದನ್ನು ನೋಡುವಾಗ, ಗಂಗೆ ತಿರುಗಿ ನೋಡಿದೊಡನೆ ಅಮ್ಮನ ಸೆರಗು ಹಿಡಿಯುತ್ತಾರೆ.