ಬರಿಗಾಲು, ಕಾಲ್ಮರಿ, ಬೂಟು: ಓಟಗಾರನ ಪಾದದ ಚರಿತ್ರೆ

1920ನೆಯ ಇಸವಿಯ ಆಗಸ್ಟ್ ತಿಂಗಳು. ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಲ್ಲಿ ಒಲಿಂಪಿಕ್ ಕ್ರೀಡೆಗಳು ನಡೆದಿದ್ದವು. ಮ್ಯಾರಥಾನ್ ಓಟದಲ್ಲಿ ಹತ್ತೊಂಬತ್ತನೆಯವರಾಗಿ ಗುರಿ ಮುಟ್ಟಿದವರು ನಮ್ಮ ಬೆಳಗಾವಿಯ ಯುವಕ ಫಡೆಪ್ಪ ದರೆಪ್ಪ ಚೌಗುಲೆ. ದೂರ 42.75 ಕಿ.ಮೀ.; ಅವರಿಗೆ ಹಿಡಿದ ವೇಳೆ 2 ಗಂಟೆ 50 ನಿಮಿಷ 45 ಸೆಕೆಂಡು. ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಬೆಳಿಗ್ಗೆ ಐದಕ್ಕೆದ್ದು ಬಾಕ್ಸಿಂಗ್ ಅಭ್ಯಾಸಕ್ಕೆಂದೋ, ಪೊಲೀಸು, ಸೈನ್ಯ ಭರ್ತಿಗೆಂದೋ ರಸ್ತೆಯಲ್ಲಿ ಓಡುವ ನಿಮ್ಮಲ್ಲಿ ಎಷ್ಟು ಮಂದಿಗೆ ಈ ಹೆಸರು ಗೊತ್ತು?

ಚೌಗುಲೆಯವರಂಥವರು ಅಲ್ಲಿಗೆ ಹೋದದ್ದರ ಹಿಂದೆ ಪಾದದ್ದೇ ಒಂದು ಕಥೆಯಿದೆ. ಪುಣೆಯ ಡೆಕ್ಕನ್ ಜಿಮಖಾನಾ ಏರ್ಪಡಿಸಿದ್ದ ಕ್ರೀಡಾಕೂಟಕ್ಕೆ ಸರ್ ದೊರಾಬ್ಜಿ ಟಾಟಾ ಅಧ್ಯಕ್ಷರಾಗಿ ಬಂದಿದ್ದರು. ಓಡಲು ನಿಂತವರು ಹೊಲದಲ್ಲಿ ದುಡಿಯುವ ರೈತರ ಮಕ್ಕಳು. ಕಾಲಲ್ಲಿ ಏನೂ ಇಲ್ಲ, ಯುರೋಪಿನ ನಿಯಮಗಳ ಅರಿವಿಲ್ಲ, ತರಬೇತಿ ಇಲ್ಲ, ಹೊಟ್ಟೆಗೂ ಅಷ್ಟಕ್ಕಷ್ಟೆ. ಆದರೆ ಅವರು ಓಡಿದ ವೇಳೆ ನೋಡಿ ಟಾಟಾ ಬೆರಗಾದರು. ಅದು ಯುರೋಪಿನ ಓಟಗಾರರ ಎದುರು ಇಟ್ಟು ನೋಡುವಂತಿತ್ತು. ಇವರನ್ನು ಒಲಿಂಪಿಕ್ಸಿಗೆ ಕಳಿಸಬೇಕೆಂದು ಅವರು ಪಟ್ಟು ಹಿಡಿದರು, ಹಣವನ್ನೂ ಕೊಟ್ಟರು. 1927ರಲ್ಲಿ ಸ್ಥಾಪನೆಯಾದ ಭಾರತೀಯ ಒಲಿಂಪಿಕ್ ಸಂಸ್ಥೆಗೆ ಮೊದಲ ಅಧ್ಯಕ್ಷರಾದವರೂ ಅವರೇ.

ಹಾಗಾದರೆ ಬೂಟು ಬೇಡವೇ? ಅವಸರಪಡಬೇಡಿ. ಆ ಹುಡುಗರ ಪಾದಗಳು ಒಂದು ದಿನದಲ್ಲಿ ತಯಾರಾದವಲ್ಲ. ನಡೆಯಲು ಕಲಿತ ದಿನದಿಂದ ಹೆಂಟೆಯ ಮೇಲೆ, ಕೂಳೆಯ ಮೇಲೆ ತುಳಿದು ಗಟ್ಟಿಯಾದ ಪಾದಗಳವು, ಕೆಳಗಿದ್ದದ್ದು ಮಣ್ಣು. ನಿಮ್ಮ ಕಾಲ ಕೆಳಗೆ ಇರುವುದು ಬಹುಪಾಲು ಡಾಂಬರು, ಕಾಂಕ್ರೀಟು.

ನಮ್ಮ ಭಾಗದಲ್ಲಿ ಪಾದರಕ್ಷೆಯ ಕಸುಬಿಗೇನೂ ಕೊರತೆಯಿರಲಿಲ್ಲ. ಕೊಲ್ಹಾಪುರಿ ಎಂದು ಹೆಸರಾದ ಚಪ್ಪಲಿಯನ್ನು ಅಥಣಿ, ನಿಪ್ಪಾಣಿಗಳಲ್ಲೂ ಮಾಡುತ್ತಾರೆ. ಜಾಲಿ ತೊಗಟೆ, ಅಳಲೆಕಾಯಿಗಳಲ್ಲಿ ಹದಗೊಳಿಸಿದ ಚರ್ಮ, ಚರ್ಮದ ದಾರದಲ್ಲೇ ಹೊಲಿಗೆ. 2019ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹೆಸರೂ ಸೇರಿತು. ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದರೆಂಬ ಕಥೆಯನ್ನು ನೀವು ಕೇಳಿಯೇ ಇರುತ್ತೀರಿ. ಕಥೆಯನ್ನು ಕೈಮುಗಿದು ಕೇಳಿದ ಊರುಗಳೇ ಕಾಲ್ಮರಿ ಹೊಲಿಯುವವರನ್ನು ಊರ ಹೊರಗೆ ಇಟ್ಟವು ಎಂಬುದನ್ನೂ ಚರಿತ್ರೆಯ ವಿದ್ಯಾರ್ಥಿ ಮರೆಯಬಾರದು. ಇಷ್ಟು ಒಳ್ಳೆಯ ಚಪ್ಪಲಿ ಓಟಕ್ಕೆ ಮಾತ್ರ ಒಗ್ಗದು: ಹಿಮ್ಮಡಿಯನ್ನು ಹಿಡಿಯುವುದಿಲ್ಲ, ಅಟ್ಟೆ ಮಡಚುವುದಿಲ್ಲ. ಅದು ನಡಿಗೆಯ ಸಂಗಾತಿ.

ಓಟದ ಬೂಟಿಗೆ ದಾರಿ ತೆರೆದದ್ದು ರಸಾಯನಶಾಸ್ತ್ರ. ಬಿಸಿಲಿಗೆ ಅಂಟುವ, ಚಳಿಗೆ ಸೆಟೆಯುವ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಗಟ್ಟಿಯಾಗಿಯೂ ಬಳುಕುತ್ತಲೂ ಇರುತ್ತದೆ; ಇದಕ್ಕೆ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದರು. ಕ್ಯಾನ್ವಾಸ್ ಬಟ್ಟೆಗೆ ಆ ರಬ್ಬರಿನ ತಳ ಅಂಟಿಸಿದ್ದೇ ನಮ್ಮ ಶಾಲೆಯ ಪಿ.ಟಿ. ಶೂ. 1890ರ ದಶಕದಲ್ಲಿ ಇಂಗ್ಲೆಂಡಿನ ಜೋಸೆಫ್ ಫಾಸ್ಟರ್ ಮೊಳೆಯಿರುವ ಓಟದ ಬೂಟು ತಯಾರಿಸತೊಡಗಿದರು.

ಬಾಕ್ಸಿಂಗಿನವರು ಮಾತ್ರ ಬಹಳ ಕಾಲ ಬೇರೆ ದಾರಿ ಹಿಡಿದರು. ರಸ್ತೆಯ ಓಟಕ್ಕೆ ಭಾರದ ಬೂಟೇ ಬೇಕು, ಅದನ್ನು ಕಳಚಿ ರಿಂಗಿಗಿಳಿದಾಗ ಕಾಲು ಹಗುರಾಗುತ್ತದೆ ಎಂಬ ನಂಬಿಕೆ. ಮುಹಮ್ಮದ್ ಅಲಿ ಕೂಡ ಭಾರದ ಬೂಟಿನಲ್ಲಿ ಓಡಿದವರೇ. ಈ ನಂಬಿಕೆಗೆ ಉತ್ತರ ಸೈನ್ಯದ ವೈದ್ಯರ ಬಳಿ ಮೊದಲೇ ಇತ್ತು. 1855ರಲ್ಲಿ ಪ್ರಷ್ಯಾದ ಸೇನಾವೈದ್ಯ ಬ್ರೈಟ್‌ಹೌಪ್ಟ್, ದೂರದ ಕವಾಯತಿನ ನಂತರ ಸಿಪಾಯಿಗಳ ಪಾದ ಬಾತು ನೋಯುವುದನ್ನು ಬರೆದಿಟ್ಟರು. ಕಾರಣ ತಿಳಿದದ್ದು 1895ರಲ್ಲಿ ಕ್ಷಕಿರಣ ಬಂದ ಮೇಲೆ: ಪಾದದ ನೀಳ ಮೂಳೆಗಳಲ್ಲಿ ಕೂದಲೆಳೆಯ ಬಿರುಕು! ಬಿದ್ದದ್ದಿಲ್ಲ, ಉಳುಕಿದ್ದಿಲ್ಲ, ಸಣ್ಣ ಪೆಟ್ಟುಗಳೇ ಸೇರಿ ಮೂಳೆ ಒಡೆದಿತ್ತು.

ನೀವೇ ಲೆಕ್ಕ ಹಾಕಿ ನೋಡಿ. ಓಡುವಾಗ ಪ್ರತಿ ಹೆಜ್ಜೆಗೂ ಪಾದದ ಮೇಲೆ ದೇಹತೂಕದ ಎರಡರಿಂದ ಮೂರು ಪಟ್ಟು ಬಲ ಬೀಳುತ್ತದೆ. ನಿಮಿಷಕ್ಕೆ 160 ಹೆಜ್ಜೆ ಎಂದಿಟ್ಟುಕೊಂಡರೆ ಅರ್ಧ ಗಂಟೆಯಲ್ಲಿ ಒಂದೊಂದು ಪಾದಕ್ಕೂ 2,400 ಪೆಟ್ಟು. ಇದನ್ನು ತಾಳಬೇಕಾದದ್ದು 26 ಪುಟ್ಟ ಮೂಳೆಗಳು. ಮೂಳೆ ಸವೆದದ್ದನ್ನು ತಾನೇ ತುಂಬಿಕೊಳ್ಳುತ್ತದೆ, ಆದರೆ ಅದಕ್ಕೆ ವಾರಗಟ್ಟಲೆ ಸಮಯ ಬೇಕು. ಭರ್ತಿಯ ದಿನಾಂಕ ಬಂದ ಮೇಲೆ ದಿನಕ್ಕೆ ಹತ್ತು ಕಿ.ಮೀ. ಓಡಲು ಶುರುಮಾಡುವ ಹುಡುಗ ಅಷ್ಟು ಸಮಯವನ್ನು ಎಲ್ಲಿಂದ ತರುತ್ತಾನೆ?

1960ರ ರೋಮ್ ಒಲಿಂಪಿಕ್ಸಿನಲ್ಲಿ ಇಥಿಯೋಪಿಯದ ಅಬೆಬೆ ಬಿಕಿಲ ಬರಿಗಾಲಲ್ಲಿ ಓಡಿ ಮ್ಯಾರಥಾನ್ ಗೆದ್ದರು: 2 ಗಂಟೆ 15 ನಿಮಿಷ 16 ಸೆಕೆಂಡು. ಬರಿಗಾಲಿನ ಪವಾಡ ಎಂದು ಜಗತ್ತೇ ಕೊಂಡಾಡಿತು. ಅದೇ ಬಿಕಿಲ 1964ರಲ್ಲಿ ಟೋಕಿಯೊದಲ್ಲಿ ಬೂಟು ತೊಟ್ಟು ಮೂರು ನಿಮಿಷ ಬೇಗ ಓಡಿದ್ದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಟೆಲಿವಿಷನ್‌ನವರಾದ ನಮ್ಮ ತಪ್ಪೂ ಇದರಲ್ಲಿದೆ. ನಮಗೆ ಪವಾಡ ಚೆನ್ನಾಗಿ ಕಾಣುತ್ತದೆ.

1970ರ ದಶಕದಲ್ಲಿ ಅಮೆರಿಕದ ತರಬೇತುದಾರ ಬಿಲ್ ಬೋವರ್‌ಮನ್ ತಿಂಡಿ ಬೇಯಿಸುವ ಕಬ್ಬಿಣದ ಅಚ್ಚಿನಲ್ಲಿ ರಬ್ಬರ್ ಎರೆದು ಹಗುರವಾದ ತಳ ಮಾಡಿದರು. ಹಿಂದೆಯೇ ಗಾಳಿಗುಳ್ಳೆ ತುಂಬಿದ ಮೆತ್ತನೆಯ ಫೋಮು ಬಂತು, ಹಿಮ್ಮಡಿ ದಪ್ಪವಾಯಿತು. 2010ರಲ್ಲಿ ಹಾರ್ವರ್ಡಿನ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು, ರೂಢಿಯಿಂದ ಬರಿಗಾಲಲ್ಲಿ ಓಡುವವರು ಹೆಚ್ಚಾಗಿ ಮುಂಗಾಲನ್ನು ಊರುತ್ತಾರೆ, ಅವರಿಗೆ ಮೊದಲ ಹೊಡೆತ ಕಡಿಮೆ ಎಂದು ತೋರಿಸಿದರು. ‘ರೂಢಿಯಿಂದ’ ಎಂಬ ಮಾತನ್ನು ಮರೆತು ಬೂಟು ಬಿಸಾಡಿದ ಅನೇಕರು ಮೀನಖಂಡ ಹಿಡಿದುಕೊಂಡು ಕುಳಿತರು.

ಈಗ ನಿಮ್ಮ ಊರಿಗೆ ಬನ್ನಿ. ಗೋಕಾಕ ಫಾಲ್ಸಿನ ಸುತ್ತ ಕಲ್ಲುನೆಲ, ಮೂಡಲಗಿಯ ಕಡೆ ಎರೆಭೂಮಿ. ಎರೆ ಒಣಗಿದಾಗ ಬಿರುಕು ಬಿಟ್ಟು ಪಾದ ತಿರುಚುತ್ತದೆ. ಹಸಿಯಾದರೆ ಬೂಟಿಗೆ ಮೆತ್ತಿಕೊಂಡು ಕಾಲು ಎತ್ತಲಾಗದು. ಕಬ್ಬಿನ ಹಂಗಾಮಿನಲ್ಲಿ ಹುಕ್ಕೇರಿ, ಸಂಕೇಶ್ವರದ ರಸ್ತೆಗಿಂತ ಕಾಲುವೆ ದಂಡೆಯ ಮಣ್ಣುಹಾದಿಯೇ ಕಾಲಿಗೂ ಜೀವಕ್ಕೂ ಮೇಲು. ಜಾಲಿಮುಳ್ಳು ಇದ್ದೇ ಇರುತ್ತದೆ. ಚುಚ್ಚಿದರೆ ಧನುರ್ವಾಯು ಚುಚ್ಚುಮದ್ದಿನ ನೆನಪಿರಲಿ.

ಬೂಟು ಕೊಳ್ಳಲು ಸಂಜೆ ಹೋಗಿ, ಆಗ ಪಾದ ತುಸು ಉಬ್ಬಿರುತ್ತದೆ. ಕಾಲುಚೀಲ ಹಾಕಿಕೊಂಡೇ ತೊಟ್ಟು ನೋಡಿ. ಬೆರಳ ಮುಂದೆ ಹೆಬ್ಬೆರಳಿನ ಅಗಲ ಜಾಗ ಉಳಿಯಬೇಕು, ಹಿಮ್ಮಡಿ ಜಾರಬಾರದು, ತಳ ಮಡಚಬೇಕಾದದ್ದು ಬೆರಳುಗಳ ಬುಡದಲ್ಲಿ. ಬೆಲೆಯನ್ನೂ ಹೆಸರನ್ನೂ ಆಮೇಲೆ ಕೇಳಿ. ರಿಂಗಿನೊಳಗಿನ ಬಾಕ್ಸಿಂಗ್ ಬೂಟಿಗೆ ತೆಳುವಾದ ತಳ, ಏಕೆಂದರೆ ಅಲ್ಲಿ ನೆಲ ಮೆತ್ತಗೆ, ತಿರುಗುವುದೇ ಹೆಚ್ಚು. ಅದನ್ನು ರಸ್ತೆಗೆ ತರಬೇಡಿ. ಒದ್ದೆ ಬೂಟಿನಲ್ಲಿ ಕಾಗದ ತುರುಕಿ ನೆರಳಲ್ಲಿ ಒಣಗಿಸಿ. ಹೊಸ ಜೋಡಿಯಲ್ಲಿ ಮೊದಲ ವಾರ ಅರ್ಧ ದೂರ ಸಾಕು. ಪಾದದ ಮೇಲೋ ಮೊಣಕಾಲ ಕೆಳಗಿನ ಮೂಳೆಯ ಮೇಲೋ ಒಂದೇ ಬಿಂದುವಿನಲ್ಲಿ, ಬೆರಳಿಟ್ಟು ತೋರಿಸುವಂಥ ನೋವು ಬಂದರೆ ಅಂದಿನ ಓಟ ನಿಲ್ಲಿಸಿ ವೈದ್ಯರ ಬಳಿ ಹೋಗಿ. ಮೊದಲ ವಾರಗಳಲ್ಲಿ ಕ್ಷಕಿರಣದ ಚಿತ್ರದಲ್ಲಿ ಈ ಬಿರುಕು ಕಾಣದೆಯೂ ಇರಬಹುದು, ಆದ್ದರಿಂದ ನೋವು ಎಂದಿನಿಂದ ಎಂಬುದನ್ನು ಅವರಿಗೆ ಸರಿಯಾಗಿ ಹೇಳಿ.