ಕಾನೂನು ನೋಡುಗನ ಬಗ್ಗೆ ಕೇಳಿತು, ಅವಳ ಬಗ್ಗೆ ಕೇಳಲಿಲ್ಲ

ಈ ಸಲದ ಮಾತನ್ನ ಮನೆಯವರ ಮುಂದೆ ಸ್ಪೀಕರ್‌ನಲ್ಲಿ ಹಾಕಿ ಕೇಳೋಕೆ ಸ್ವಲ್ಪ ಮುಜುಗರ ಆಗಬಹುದು. ಇಯರ್‌ಫೋನ್ ಹಾಕ್ಕೊಳ್ಳಿ, ಇಲ್ಲಾ ಇಲ್ಲೇ ಓದ್ಕೊಳ್ಳಿ. ಪ್ರಶ್ನೆ ಹಳೇದು: ಪೋರ್ನ್‌ನಿಂದ ಹೆಣ್ಣುಮಕ್ಕಳಿಗೆ ಹಾನಿ ಆಗುತ್ತಾ? ನಾನು ನೋಡಬೇಕು ಅಂತಿರೋದು ಉತ್ತರವನ್ನಲ್ಲ. ನೂರೈವತ್ತು ವರ್ಷದಿಂದ ಈ ಪ್ರಶ್ನೆಯನ್ನ ಯಾರು ಹೇಗೆ ಕೇಳ್ತಾ ಬಂದ್ರು ಅನ್ನೋದನ್ನ.

ನಾನೀಗ ಇರೋದು ಕಳಮೇಶ್ವರದಲ್ಲಿ. ನಾಗಪುರದಿಂದ ಸುಮಾರು 20 ಕಿಲೋಮೀಟರ್. ಕಿತ್ತಳೆ, ಕಾರ್ಖಾನೆ, ಇಟಾರ್ಸಿ ಕಡೆ ಹೋಗೋ ರೈಲು ಹಳಿ. ಕನ್ನಡ ಕಿವಿಗೆ ಬೀಳೋದು ಊರಿಂದ ಫೋನ್ ಬಂದಾಗ ಮಾತ್ರ. ಆದ್ರೆ ಈ ವಿಷಯಕ್ಕೂ ಈ ಊರಿನ ಸೀಮೆಗೂ ಒಂದು ನಂಟಿದೆ. ಏನನ್ನ ಓದಬಹುದು, ಏನನ್ನ ತೋರಿಸಬಹುದು ಅನ್ನೋ ನಮ್ಮ ದೇಶದ ಚರ್ಚೆಯಲ್ಲಿ ಇವತ್ತಿಗೂ ಉಲ್ಲೇಖ ಆಗೋ ಇಬ್ಬರು ನ್ಯಾಯಮೂರ್ತಿಗಳು, ವಿವಿಯನ್ ಬೋಸ್ ಮತ್ತು ಮೊಹಮ್ಮದ್ ಹಿದಾಯತುಲ್ಲಾ, ಹಳೇ ನಾಗಪುರ ಹೈಕೋರ್ಟ್‌ನವರು. ಇಬ್ಬರೂ ಅದರ ಮುಖ್ಯ ನ್ಯಾಯಮೂರ್ತಿ ಆಗಿದ್ದವರು.

ಮೊದಲು ಹಿದಾಯತುಲ್ಲಾ. 1959ರಲ್ಲಿ ಬಾಂಬೆಯ ಪುಸ್ತಕದಂಗಡಿಯವನೊಬ್ಬ, ರಂಜಿತ್ ಉದೇಶಿ, 'ಲೇಡಿ ಚಾಟರ್ಲಿಸ್ ಲವರ್' ಕಾದಂಬರಿ ಮಾರಿದ. ಗಿರಾಕಿ ವೇಷದಲ್ಲಿ ಬಂದವನನ್ನ ಕಳಿಸಿದ್ದು ಪೊಲೀಸರು. ದಂಡ ಬಿದ್ದದ್ದು ಬರೀ 20 ರೂಪಾಯಿ, ಕೇಸ್ ಹೋಗಿದ್ದು ಸುಪ್ರೀಂ ಕೋರ್ಟ್‌ವರೆಗೆ. 1964ರಲ್ಲಿ ತೀರ್ಪು ಬರೆದವರು ಹಿದಾಯತುಲ್ಲಾ. ಅಷ್ಟೊತ್ತಿಗೆ ಇಂಗ್ಲೆಂಡಿನಲ್ಲೇ ಆ ಪುಸ್ತಕಕ್ಕೆ ಬಿಡುಗಡೆ ಸಿಕ್ಕಿತ್ತು. ನಮ್ಮಲ್ಲಿ ಮಾತ್ರ 1868ರ ಹಿಕ್ಲಿನ್ ಪರೀಕ್ಷೆಯನ್ನೇ ಎತ್ತಿಹಿಡಿದ್ರು. ಅದರ ಸಾರ ಇಷ್ಟು: ಇಂಥದಕ್ಕೆ ಬೇಗ ಬಗ್ಗುವ ಮನಸ್ಸಿನವರ ಕೈಗೆ ಈ ಬರಹ ಸಿಕ್ಕರೆ ಅವರು ಕೆಡ್ತಾರಾ?

ಬೋಸ್ ಅವರದ್ದು ಇದರ ಉಲ್ಟಾ. 1940ರ ದಶಕದಲ್ಲಿ ನಾಗಪುರದಲ್ಲೇ, ಭಗವತಿಚರಣ ಶುಕ್ಲ ಅನ್ನೋವರ ಪತ್ರಿಕಾ ಮೊಕದ್ದಮೆಯಲ್ಲಿ, ಮಾತಿನ ಪರಿಣಾಮವನ್ನ ಗಟ್ಟಿ ಮನಸ್ಸಿನ, ವಿವೇಕ ಇರೋ ಮನುಷ್ಯನ ಅಳತೆಯಲ್ಲಿ ನೋಡಬೇಕೇ ಹೊರತು ಎಲ್ಲದರಲ್ಲೂ ಅಪಾಯದ ವಾಸನೆ ಹಿಡಿಯೋ ದುರ್ಬಲನ ಅಳತೆಯಲ್ಲಲ್ಲ ಅಂದ್ರು. ಅದು ಅಶ್ಲೀಲತೆಯ ಕೇಸಲ್ಲ. ಆದ್ರೂ 1988ರಲ್ಲಿ 'ತಮಸ್' ಧಾರಾವಾಹಿಯನ್ನ ಉಳಿಸಿದಾಗ ಸುಪ್ರೀಂ ಕೋರ್ಟ್ ಇದೇ ಮಾತನ್ನ ಎತ್ತಿ ಬಳಸಿತು. 2014ರಲ್ಲಿ, ಟೆನಿಸ್ ಆಟಗಾರ ಬೋರಿಸ್ ಬೆಕರ್ ಫೋಟೊ ಪ್ರಕರಣದಲ್ಲಿ, ಹಿಕ್ಲಿನ್ ಪರೀಕ್ಷೆಯನ್ನೇ ಕೈಬಿಟ್ಟಿತು.

ನಾವು ಉದಾರವಾದಿಗಳು ಅನ್ಕೊಂಡವರು ಸಾಮಾನ್ಯವಾಗಿ ಬೋಸ್ ಪಾರ್ಟಿ. ನಾನೂ ಅಷ್ಟೆ. ಆದ್ರೆ ಒಂದು ನಿಮಿಷ ನೋಡಿ: ಇಬ್ಬರ ಕಣ್ಣೂ ಇರೋದು ನೋಡುಗನ ಮೇಲೆ. ಅವನು ಬಡಕಲು ಮನಸ್ಸಿನವನಾ, ಗಟ್ಟಿಗನಾ, ಅಷ್ಟೇ ಜಗಳ. ಕಾದಂಬರಿ ಮಟ್ಟಿಗೆ ಅದು ಸರಿ, ಯಾಕಂದ್ರೆ ಲೇಡಿ ಚಾಟರ್ಲಿ ಅನ್ನೋ ಹೆಂಗಸು ಇರಲೇ ಇಲ್ಲ. ಕ್ಯಾಮೆರಾ ಬಂದ ಮೇಲೆ ಕಥೆ ಬೇರೆ. ಅದರ ಮುಂದೆ ಒಬ್ಬ ನಿಜವಾದ ಹೆಣ್ಣು ಇರ್ತಾಳೆ. ಪುಸ್ತಕಕ್ಕೆ ಬರೆದ ಕೋಡನ್ನೇ ಕಾಪಿ ಮಾಡಿ ವಿಡಿಯೊಗೆ ಪೇಸ್ಟ್ ಮಾಡಿದ್ವಿ. ನಮ್ಮ ಐ.ಟಿ. ಕಾಯ್ದೆಯ 67ನೇ ಕಲಮು ಓದಿ ನೋಡಿ, ಕಾಮಪ್ರಚೋದಕ, ನೋಡುವವರನ್ನ ಕೆಡಿಸುವಂಥದ್ದು ಅನ್ನೋ ಅದೇ ಹಳೇ ಪದಗಳು. 2000ನೇ ಇಸವಿಯ ಕಾಯ್ದೆಯೊಳಗೆ 1868ರ ಲೆಗಸಿ ಕೋಡ್.

ಈ ಕೋಡ್ ಯಾರ ಮೇಲೆ ರನ್ ಆಯ್ತು ಅನ್ನೋದಕ್ಕೆ ನಮ್ಮ ನಂಜನಗೂಡಿನ ಹೆಣ್ಣುಮಗಳ ಕಥೆ ಹೇಳಬೇಕು. ಬೆಂಗಳೂರು ನಾಗರತ್ನಮ್ಮ. ಹುಟ್ಟಿದ್ದು 1878. ದೇವದಾಸಿ ಮನೆತನ, ಸಂಗೀತದಲ್ಲಿ ದೊಡ್ಡ ಹೆಸರು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಮಂದಿರ ಎದ್ದಿದ್ದು ಅವರ ದುಡ್ಡಲ್ಲಿ. ಹದಿನೆಂಟನೇ ಶತಮಾನದ ತಂಜಾವೂರಿನಲ್ಲಿ ಮುದ್ದುಪಳನಿ ಅನ್ನೋ ಕವಯಿತ್ರಿ ತೆಲುಗಿನಲ್ಲಿ 'ರಾಧಿಕಾ ಸಾಂತ್ವನಮು' ಬರೆದಿದ್ದಳು, ಹೆಣ್ಣಿನ ಬಯಕೆಯನ್ನ ಹೆಣ್ಣಿನ ಬಾಯಲ್ಲೇ ಹೇಳೋ ಶೃಂಗಾರಕಾವ್ಯ. ಅಚ್ಚಾಗಿದ್ದ ಪ್ರತಿಯಲ್ಲಿ ಕತ್ತರಿ ಆಡಿತ್ತು. ನಾಗರತ್ನಮ್ಮ ಹಸ್ತಪ್ರತಿ ಹುಡುಕಿ ತರಿಸಿ, 1910ರಲ್ಲಿ ಇಡೀ ಕಾವ್ಯವನ್ನ ವಾವಿಳ್ಳ ಪ್ರಕಾಶನದಿಂದ ಹೊರತಂದ್ರು.

ಕಂದುಕೂರಿ ವೀರೇಶಲಿಂಗಂ ಸಣ್ಣವರಲ್ಲ. ವಿಧವಾ ವಿವಾಹಕ್ಕೆ ಹೋರಾಡಿದ ಸುಧಾರಕರು. ಅವರೇ ಮುದ್ದುಪಳನಿಯನ್ನ ಶೀಲಗೆಟ್ಟವಳು ಅಂದಿದ್ರು. ಹೆಂಗಸರು ಕೇಳಬಾರದ್ದನ್ನ ಹೆಂಗಸೇ ಬರೆದಿದ್ದಾಳೆ ಅನ್ನೋದು ಅವರ ಆಕ್ಷೇಪ. ನಾಗರತ್ನಮ್ಮ ಸುಮ್ನೆ ಕೂರಲಿಲ್ಲ. ನಾಚಿಕೆ ಅನ್ನೋದು ಹೆಂಗಸರಿಗೆ ಮಾತ್ರನಾ, ತಮ್ಮ ಬರಹದಲ್ಲಿ ಇದಕ್ಕಿಂತ ಹೆಚ್ಚೇ ಇದೆಯಲ್ಲಾ ಅಂತ ತಿರುಗಿ ಕೇಳಿದ್ರು. ಏನಾಯ್ತು? 1911ರಲ್ಲಿ ಮದ್ರಾಸ್ ಸರ್ಕಾರ ಪುಸ್ತಕವನ್ನ ಅಶ್ಲೀಲ ಅಂತ ಮುಟ್ಟುಗೋಲು ಹಾಕಿತು. ನಿಷೇಧ ಹೋಗಿದ್ದು 1947ರಲ್ಲಿ. ಸಮಾಜದ ಶೀಲ ಕಾಯ್ತೀವಿ ಅಂತ ಬಂದ ಕಾನೂನು ಬಾಯಿ ಮುಚ್ಚಿಸಿದ್ದು ಇಬ್ಬರು ಹೆಂಗಸರದ್ದು, ಬರೆದವಳದ್ದು ಮತ್ತು ಅಚ್ಚು ಹಾಕಿಸಿದವಳದ್ದು.

ಅದಕ್ಕೇ 'ಎಲ್ಲಾ ಬ್ಯಾನ್ ಮಾಡಿ' ಅಂದಾಗ ನನಗೆ ಭಯ ಆಗೋದು.

ಹಾಗಂತ ಹಾನಿಯೇ ಇಲ್ಲ ಅನ್ನೋ ಪಾರ್ಟಿಯನ್ನೂ ನಂಬಬೇಡಿ. ಅಮೆರಿಕದಲ್ಲಿ 1972ರಲ್ಲಿ 'ಡೀಪ್ ಥ್ರೋಟ್' ಅನ್ನೋ ನೀಲಿ ಚಿತ್ರ ಬಂತು. ಎಷ್ಟೋ ಊರುಗಳಲ್ಲಿ ಅಶ್ಲೀಲತೆಯ ಕೇಸ್ ಆಯ್ತು. ಎಲ್ಲಾ ಕಡೆ ವಾದ ನೋಡುಗರ ಬಗ್ಗೆ. ಅದರ ನಟಿ ಲಿಂಡಾ ಲವ್‌ಲೇಸ್ 1980ರ ಆತ್ಮಕಥೆಯಲ್ಲಿ, ಗಂಡ ಹೊಡೆದು ಬೆದರಿಸಿ ತನ್ನಿಂದ ಅದನ್ನ ಮಾಡಿಸಿದ ಅಂತ ಬರೆದಳು. ಎಂಟು ವರ್ಷ! 1983ರಲ್ಲಿ ಕ್ಯಾಥರೀನ್ ಮೆಕಿನನ್, ಆಂಡ್ರಿಯಾ ಡ್ವಾರ್ಕಿನ್ ಮಿನಿಯಾಪೊಲಿಸ್ ನಗರಕ್ಕೆ ಹೊಸ ಕರಡು ಬರೆದು, ಇದು ಶೀಲದ ಪ್ರಶ್ನೆಯೇ ಅಲ್ಲ, ಹೆಣ್ಣಿನ ನಾಗರಿಕ ಹಕ್ಕಿನ ಪ್ರಶ್ನೆ, ಹಾನಿಯಾದವಳು ಪರಿಹಾರ ಕೇಳಲಿ ಅಂದ್ರು. ಲಿಂಡಾ ಅಲ್ಲಿ ಬಂದು ಸಾಕ್ಷಿ ಹೇಳಿದಳು. ಇಂಡಿಯಾನಾಪೊಲಿಸ್ ಅಂಥದ್ದೇ ಕಾನೂನು ಮಾಡಿತು, 1985ರಲ್ಲಿ ಮೇಲ್ಮನವಿ ಕೋರ್ಟ್ ಹೊಡೆದುಹಾಕಿತು. ಮಜಾ ಏನಂದ್ರೆ, ಹಾನಿ ಆಗುತ್ತೆ ಅನ್ನೋ ವಾದವನ್ನ ಕೋರ್ಟ್ ಅಲ್ಲಗಳೆಯಲಿಲ್ಲ. ಆದ್ರೂ ವಾಕ್ ಸ್ವಾತಂತ್ರ್ಯ ದೊಡ್ಡದು ಅಂತು. ವಿರೋಧಿಸಿದವರಲ್ಲಿ ಸ್ತ್ರೀವಾದಿಗಳೂ ಇದ್ರು, ಈ ಕತ್ತರಿ ಕೊನೆಗೆ ನಮ್ಮ ಪುಸ್ತಕದ ಮೇಲೇ ಬೀಳುತ್ತೆ ಅಂತ. ನಾಗರತ್ನಮ್ಮ ಇದ್ದಿದ್ರೆ ತಲೆ ಆಡಿಸ್ತಿದ್ರೇನೋ.

ನೋಡೋದ್ರಿಂದ ಗಂಡಸು ಹಿಂಸೆಗೆ ಇಳೀತಾನಾ ಅನ್ನೋ ಪ್ರಶ್ನೆ ಅಲ್ಲೇ ಸಿಕ್ಕಾಕ್ಕೊಂಡಿದೆ. ಅಮೆರಿಕ ಸರ್ಕಾರದ ಆಯೋಗಗಳೇ 1970ರಲ್ಲಿ ಒಂದು, 1986ರಲ್ಲಿ ಇನ್ನೊಂದು ಹೇಳಿದವು.

ನಮ್ಮ ಕರ್ನಾಟಕಕ್ಕೆ ಬರೋಣ. ಈ ಶತಮಾನದ ಶುರುವಲ್ಲಿ ಒಂದು ಜೋಡಿಯ ಖಾಸಗಿ ವಿಡಿಯೊ ಸಿ.ಡಿ. ಆಗಿ ಊರೂರಲ್ಲಿ ಮಾರಾಟ ಆಯ್ತು, ಅದೂ ನಮ್ಮ ಒಂದು ಪ್ರೀತಿಯ ಕವನಸಂಕಲನದ ಹೆಸರು ಹೊತ್ತು. ಹೆಸರು ನಾನು ಬರೆಯಲ್ಲ. ಬರೆದ್ರೆ ಯಾರಾದ್ರೂ ಹುಡುಕ್ತಾರೆ. 2012ರ ಫೆಬ್ರವರಿಯಲ್ಲಿ ವಿಧಾನಸಭೆಯೊಳಗೆ ಮೊಬೈಲ್ ನೋಡಿದ ಗಲಾಟೆಗೆ ಮೂವರು ಮಂತ್ರಿಗಳು ರಾಜೀನಾಮೆ ಕೊಟ್ರು. ವಾರಗಟ್ಟಲೆ ಸದನದ ಘನತೆಯ ಮಾತು. ಆ ತೆರೆಯ ಮೇಲಿದ್ದವಳು ಯಾರು, ಹೇಗೆ ಅಲ್ಲಿಗೆ ಬಂದಳು ಅಂತ ಕೇಳಿದವರು ಕಮ್ಮಿ.

ಕಾನೂನು ಅವಳ ಕಡೆ ತಿರುಗಿದ್ದು ತಡವಾಗಿ. 2008ರ ತಿದ್ದುಪಡಿಯಲ್ಲಿ ಐ.ಟಿ. ಕಾಯ್ದೆಗೆ 66ಇ ಬಂತು: ಒಪ್ಪಿಗೆ ಇಲ್ಲದೆ ಖಾಸಗಿ ಅಂಗದ ಚಿತ್ರ ತೆಗೆದರೆ, ಹಂಚಿದರೆ ಅಪರಾಧ. ದೆಹಲಿಯ ಡಿಸೆಂಬರ್ ಘಟನೆ ಆದ ಮೇಲೆ 2013ರಲ್ಲಿ ದಂಡಸಂಹಿತೆಗೆ 354ಸಿ ಸೇರಿತು. ಅದರಲ್ಲೊಂದು ವಿವರಣೆ ಇದೆ, ನನ್ನ ಪ್ರಕಾರ ಇಡೀ ಚರ್ಚೆಯಲ್ಲಿ ಅತ್ಯಂತ ಬುದ್ಧಿವಂತ ಸಾಲು: ಚಿತ್ರ ತೆಗೆಯೋಕೆ ಅವಳು ಒಪ್ಪಿದ್ರೂ ಹಂಚೋಕೆ ಒಪ್ಪದೇ ಇದ್ರೆ, ಹಂಚೋದು ಅಪರಾಧ. ಇಲ್ಲಿ ನೋಡುಗ ಕೆಡ್ತಾನಾ ಅನ್ನೋ ಪ್ರಶ್ನೆಯೇ ಇಲ್ಲ. ಅವಳು ಹೂಂ ಅಂದಳಾ, ಯಾವುದಕ್ಕೆ ಅಂದಳು?

2024ರ ಏಪ್ರಿಲ್‌ನಲ್ಲಿ, ಲೋಕಸಭೆ ಚುನಾವಣೆಯ ಹೊತ್ತಿಗೆ, ಹಾಸನದಲ್ಲಿ ಪೆನ್‌ಡ್ರೈವ್‌ಗಳು ಹರಿದಾಡಿದ್ದು ನಿಮಗೆಲ್ಲ ಗೊತ್ತು. ಅದರಲ್ಲಿದ್ದ ಹೆಂಗಸರ ಮುಖಕ್ಕೆ ಮಸುಕು ಕೂಡ ಹಾಕಿರಲಿಲ್ಲ. ವಾಟ್ಸಾಪ್‌ನಲ್ಲಿ ಎಲ್ಲೆಲ್ಲಿಗೋ ಹೋಯ್ತು. ನ್ಯಾಯ ಬೇಕು ಅಂತ ಹಂಚಿದವರೂ ಇದ್ರು, ಮಜಾಕ್ಕೆ ಹಂಚಿದವರೂ ಇದ್ರು. ಊರು ಬಿಡಬೇಕಾದ ಹೆಂಗಸರಿಗೆ ಆ ವ್ಯತ್ಯಾಸ ಕಟ್ಟಿಕೊಂಡು ಏನಾಗಬೇಕು? 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಮಾಜಿ ಸಂಸದ ಪ್ರಜ್ವಲ್ ರೇವಣ್ಣನಿಗೆ ಒಬ್ಬ ಮನೆಗೆಲಸದ ಮಹಿಳೆಯ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ಸಾಬೀತಾದ ಆರೋಪಗಳಲ್ಲಿ ಆ 66ಇ ಕೂಡ ಇತ್ತು.

ಒಂದು ಉಪಯೋಗದ ವಿಷಯ ಹೇಳಿ ಬಿಡ್ತೀನಿ. 2021ರ ಐ.ಟಿ. ನಿಯಮಗಳ ಪ್ರಕಾರ ಇಂಥ ಚಿತ್ರದ ಬಗ್ಗೆ ಅವಳೇ, ಅಥವಾ ಅವಳ ಪರವಾಗಿ ಯಾರಾದ್ರೂ ದೂರು ಕೊಟ್ರೆ ವೇದಿಕೆಯವರು 2 ಗಂಟೆಯೊಳಗೆ (2026ರ ಫೆಬ್ರವರಿವರೆಗೆ ಇದು 24 ಗಂಟೆ ಇತ್ತು) ತೆಗೆಯೋ ಕ್ರಮ ತಗೋಬೇಕು. ತಿರುಚಿದ ನಕಲಿ ಚಿತ್ರಕ್ಕೂ ಇದು ಅನ್ವಯ. 2021ರ ಕೊನೆಗೆ ಶುರುವಾದ 'ಸ್ಟಾಪ್ ಎನ್‌ಸಿಐಐ' ಅನ್ನೋ ಸೇವೆಯಲ್ಲಿ ಚಿತ್ರ ನಿಮ್ಮ ಫೋನ್ ಬಿಟ್ಟು ಹೋಗೋದೇ ಇಲ್ಲ, ಅದರ ಹ್ಯಾಶ್ ಮಾತ್ರ ಕಂಪನಿಗಳಿಗೆ ಹೋಗುತ್ತೆ. ಠಾಣೆಗೆ ಜೊತೆಗೆ ಹೋಗೋರು ದೂರಿನಲ್ಲಿ 67 ಒಂದೇ ಬರೆದಿದ್ದಾರಾ, 66ಇ ಕೂಡ ಇದೆಯಾ, ಭಾರತೀಯ ನ್ಯಾಯ ಸಂಹಿತೆಯ 77 (ಹಳೇ 354ಸಿ) ಇದೆಯಾ ಅಂತ ನೋಡ್ಕೊಳ್ಳಿ. 67ರಲ್ಲಿ ಅವಳ ಒಪ್ಪಿಗೆ ಅನ್ನೋ ಪದ ಎಲ್ಲೂ ಬರಲ್ಲ.